ಬೆಂಗಳೂರು ನೋಡಲು ಹೋದಾಗ ಕೇಳುವ ಕತೆಗಳು: ಎಷ್ಟು ನಿಜ, ಎಷ್ಟು ಸುಳ್ಳು?

ಡಿಸೆಂಬರ್ ಬಂತೆಂದರೆ ಲಾಲ್‌ಬಾಗಿನ ಬಾಗಿಲ ಮುಂದೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಕೊಪ್ಪಳ, ದಾವಣಗೆರೆ, ಶಿವಮೊಗ್ಗದ ಕಡೆಯಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದ ಮಕ್ಕಳು ನಿದ್ದೆಗಣ್ಣಿನಲ್ಲೇ ಇಳಿಯುತ್ತಾರೆ. ಸಂಜೆಯೊಳಗೆ ಲಾಲ್‌ಬಾಗ್, ದೊಡ್ಡ ಬಸವಣ್ಣ, ಗವಿಗಂಗಾಧರೇಶ್ವರ, ಟಿಪ್ಪು ಅರಮನೆ, ಬೆಂಗಳೂರು ಅರಮನೆ, ವಿಧಾನಸೌಧ, ವಿಶ್ವೇಶ್ವರಯ್ಯ ಮ್ಯೂಸಿಯಂ ಎಲ್ಲವೂ ಮುಗಿಯಬೇಕು. ಒಂದೊಂದು ಕಡೆ ಸಿಗುವುದು ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಮಕ್ಕಳ ತಲೆಯಲ್ಲಿ ಉಳಿಯುವುದು ನೋಡಿದ ವಸ್ತುವಲ್ಲ, ಅದರ ಜೊತೆಗೆ ಕೇಳಿದ ಕತೆ. ಈ ಬಸವಣ್ಣ ಬೆಳೆಯುತ್ತಿದ್ದ, ಈ ಸುರಂಗ ಕಾಶಿಗೆ ಹೋಗುತ್ತದೆ, ಈ ಬಂಡೆ ಪ್ರಪಂಚದಲ್ಲೇ ಹಳೆಯದು, ವರ್ಷಕ್ಕೆ ಒಂದೇ ದಿನ ಇಲ್ಲಿ ಸೂರ್ಯ ಒಳಗೆ ಬರುತ್ತಾನೆ. ನಾವೂ ಹೀಗೆಯೇ ಕೇಳಿ ಬೆಳೆದವರು.

ಕತೆ ಹೇಳುವವರನ್ನು ಗೇಲಿ ಮಾಡುವುದು ನಮ್ಮ ಉದ್ದೇಶವಲ್ಲ. ಕತೆಯಿಲ್ಲದ ಪ್ರವಾಸ ಉಪ್ಪಿಲ್ಲದ ಸಾರಿನಂತೆ. ತೊಂದರೆ ಬೇರೆಯದು. ಈ ಕತೆಗಳು ನೋಡುವವರ ಕಣ್ಣನ್ನು ಬೇರೆಡೆಗೆ ತಿರುಗಿಸುತ್ತವೆ, ಅಲ್ಲಿ ನಿಜವಾಗಿ ಇರುವ ದೊಡ್ಡ ಸಂಗತಿ ಕಾಣದೇ ಹೋಗುತ್ತದೆ. ಕಾಣದ್ದನ್ನು ಯಾರೂ ಕಾಪಾಡುವುದಿಲ್ಲ. ಆದ್ದರಿಂದ ಊರಿನ ದಕ್ಷಿಣ ಭಾಗದಲ್ಲಿ ಹತ್ತಿರ ಹತ್ತಿರ ಇರುವ ಕೆಲವು ತಾಣಗಳನ್ನು ಇಲ್ಲಿ ಸಾವಕಾಶವಾಗಿ ನೋಡೋಣ.

ಲಾಲ್‌ಬಾಗಿನ ಬಂಡೆ ಪ್ರಪಂಚದಲ್ಲೇ ಹಳೆಯದೇ?

ಲಾಲ್‌ಬಾಗಿಗೆ ಹೋದವರು ಮೊದಲು ಓಡುವುದು ಗಾಜಿನ ಮನೆಗೆ. ಹೈದರ್ ಅಲಿ 1760ರಲ್ಲಿ ಶುರುಮಾಡಿದ ತೋಟದಲ್ಲಿ ಈ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಇದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ನಕಲು ಎಂದು ಹೇಳುತ್ತಾರೆ. ಸ್ಫೂರ್ತಿ ಅಲ್ಲಿಂದ ಬಂದಿರಬಹುದು, ಆದರೆ ನಕಲು ಎನ್ನಲು ಆಗದು. 1851ರ ಆ ಕಟ್ಟಡದ ಉದ್ದ ಅರ್ಧ ಕಿಲೋಮೀಟರಿಗಿಂತ ಹೆಚ್ಚಿತ್ತು. ಅದು 1936ರಲ್ಲಿ ಸುಟ್ಟು ಹೋಯಿತು, ನಮ್ಮದು ಉಳಿದಿದೆ.

ಗಾಜಿನ ಮನೆಯನ್ನು ಬಿಟ್ಟು ಬಂಡೆಗೆ ಬರೋಣ. ಮೇಲೆ ಕೆಂಪೇಗೌಡರ ಗೋಪುರ ನಿಂತಿರುವ ಆ ದೊಡ್ಡ ದಿಬ್ಬವನ್ನು ಮಕ್ಕಳು ಜಾರುಬಂಡೆ ಎಂದುಕೊಳ್ಳುತ್ತಾರೆ, ದೊಡ್ಡವರು ಸೆಲ್ಫಿ ತೆಗೆದುಕೊಂಡು ಇಳಿಯುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ, ಅಲ್ಲಿ ಫಲಕವೂ ಇದೆ. ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ.

ಪ್ರಪಂಚದಲ್ಲೇ ಹಳೆಯದು ಎಂಬುದು ಮಾತ್ರ ಸರಿಯಲ್ಲ. ಕೆನಡಾದ ಅಕಾಸ್ಟಾ ಎಂಬಲ್ಲಿ ಸುಮಾರು 400 ಕೋಟಿ ವರ್ಷದ ಬಂಡೆಗಳಿವೆ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಆದರೆ ಮೊದಲ ಸ್ಥಾನ ತಪ್ಪಿತೆಂದು ಬೇಸರ ಮಾಡಿಕೊಳ್ಳಬೇಕಿಲ್ಲ. ಡೈನೋಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷದ ಹಿಂದೆ, ಅಂದರೆ ಈ ಬಂಡೆಯ ಲೆಕ್ಕದಲ್ಲಿ ಅದು ನಿನ್ನೆ ಮೊನ್ನೆಯ ಮಾತು. ಇನ್ನೂ ಒಂದು ವಿಷಯವಿದೆ. ಭೂಮಿಯ ಗಾಳಿಯಲ್ಲಿ ಆಮ್ಲಜನಕ ಗಣನೀಯವಾಗಿ ಏರತೊಡಗಿದ್ದು ಸುಮಾರು 240 ಕೋಟಿ ವರ್ಷದ ಹಿಂದೆ. ಈ ಬಂಡೆ ಹುಟ್ಟುವಾಗ ನಮ್ಮಂಥವರು ಉಸಿರಾಡಬಲ್ಲ ಗಾಳಿಯೇ ಇರಲಿಲ್ಲ.

ವಯಸ್ಸು ಗೊತ್ತಾಗುವುದು ಹೇಗೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಇಂಥ ಬಂಡೆಗಳಲ್ಲಿ ಜಿರ್ಕಾನ್ ಎಂಬ ಸಣ್ಣ ಹರಳುಗಳಿರುತ್ತವೆ. ಹರಳು ರೂಪುಗೊಳ್ಳುವಾಗ ತನ್ನೊಳಗೆ ಸ್ವಲ್ಪ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಆಮೇಲೆ ಆ ಯುರೇನಿಯಂ ತಾನೇ ನಿಧಾನವಾಗಿ ಸೀಸವಾಗುತ್ತ ಹೋಗುತ್ತದೆ. ಯುರೇನಿಯಂ-238 ಅರ್ಧಕ್ಕೆ ಇಳಿಯಲು ಸುಮಾರು 447 ಕೋಟಿ ವರ್ಷ ಬೇಕು. ಹರಳಿನಲ್ಲಿ ಈಗ ಎಷ್ಟು ಯುರೇನಿಯಂ ಉಳಿದಿದೆ, ಎಷ್ಟು ಸೀಸ ಹುಟ್ಟಿದೆ ಎಂದು ಅಳೆದರೆ ಗಡಿಯಾರ ಓದಿದಂತೆ ವಯಸ್ಸು ತಿಳಿಯುತ್ತದೆ.

ಬಂಡೆಯ ಮೇಲೆ ಕಪ್ಪು ಬಿಳುಪಿನ ಪಟ್ಟೆಗಳು ಸುರುಳಿ ಸುರುಳಿಯಾಗಿ ಹರಿದಿರುವುದನ್ನು ನೋಡಿ. ಹಳೆಯ ಶಿಲೆ ನೆಲದೊಳಗೆ ಬಹಳ ಆಳದಲ್ಲಿ ಬಿಸಿಗೂ ಒತ್ತಡಕ್ಕೂ ಸಿಕ್ಕಿ, ಮೆದುವಾಗಿ ಮಡಚಿಕೊಂಡದ್ದರ ಗುರುತು ಅದು. ಇಂಥ ಪಟ್ಟೆಯ ಶಿಲೆಗೆ ನೈಸ್ ಎನ್ನುತ್ತಾರೆ. ದಕ್ಷಿಣ ಭಾರತದ ಈ ನೈಸಿಗೆ 'ಪೆನಿನ್ಸುಲಾರ್ ನೈಸ್' ಎಂಬ ಹೆಸರು ಕೊಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಡಬ್ಲ್ಯು. ಎಫ್. ಸ್ಮೀತ್. ಆಳದಲ್ಲಿ ಬೆಂದದ್ದು ಈಗ ನಮ್ಮ ಕಾಲಡಿಗೆ ಬಂದಿದೆ ಎಂದರೆ ಅದರ ಮೇಲಿದ್ದ ಕಿಲೋಮೀಟರುಗಟ್ಟಲೆ ಕಲ್ಲು ಮಳೆಗಾಳಿಗೆ ಸವೆದು ಹೋಗಿದೆ ಎಂದಾಯಿತು.

ಗೋಪುರದ ಬಗ್ಗೆಯೂ ಒಂದು ಮಾತು ಓಡಾಡುತ್ತದೆ. ಊರು ಈ ಗೋಪುರ ದಾಟಿ ಬೆಳೆದರೆ ಕೇಡು ಎಂದು ಕಟ್ಟಿದವರೇ ಹೇಳಿದ್ದರಂತೆ. ಲಾಲ್‌ಬಾಗ್, ಹಲಸೂರು, ಕೆಂಪಾಂಬುಧಿ ಕೆರೆ, ಮೇಖ್ರಿ ವೃತ್ತ, ನಾಲ್ಕೂ ಗೋಪುರಗಳು ಇವತ್ತು ಊರಿನ ಒಳಗೇ ಇವೆ. ಟ್ರಾಫಿಕ್ಕನ್ನು ಕೇಡು ಎನ್ನುವುದಾದರೆ ವಾದ ಮಾಡಲು ನಮಗೆ ಮನಸ್ಸಿಲ್ಲ.

ಬೆಳೆಯುವ ಬಸವಣ್ಣ

ಲಾಲ್‌ಬಾಗಿನಿಂದ ಬಸವನಗುಡಿಗೆ ಬಂದರೆ ಬ್ಯೂಗಲ್ ರಾಕ್. ಅದೂ ಅದೇ ನೈಸ್ ಶಿಲೆ, ಅದೇ ಕಾಲದ್ದು. ಅದರ ಪಕ್ಕದಲ್ಲೇ ದೊಡ್ಡ ಬಸವಣ್ಣನ ಗುಡಿ, ಕೆಂಪೇಗೌಡರ ಕಾಲದ್ದೆಂದು ಹೆಸರು. ಒಂದೇ ಕಲ್ಲಿನ ಬಸವಣ್ಣ ಸುಮಾರು 4.5 ಮೀಟರ್ ಎತ್ತರ, 6 ಮೀಟರ್ ಉದ್ದ ಇದ್ದಾನೆ. ಕಲ್ಲಿನ ಮೂಲ ಬಣ್ಣ ಬೂದು, ತಲೆಮಾರುಗಳಿಂದ ಎಣ್ಣೆ ಬಳಿದು ಬಳಿದು ಕಪ್ಪಾಗಿದೆ.

ಕತೆ ಎಲ್ಲರಿಗೂ ಗೊತ್ತು. ಸುತ್ತ ಕಡಲೆಕಾಯಿ ಹೊಲ. ರಾತ್ರಿ ಒಂದು ಗೂಳಿ ಬಂದು ಮೇಯುತ್ತಿತ್ತು. ರೈತರು ಅಟ್ಟಿಸಿಕೊಂಡು ಹೋದಾಗ ಅದು ಕಲ್ಲಾಯಿತು. ಕಲ್ಲಾದ ಮೇಲೂ ಬೆಳೆಯುತ್ತಲೇ ಇತ್ತು, ಕೊನೆಗೆ ನೆತ್ತಿಯ ಮೇಲೆ ಕಬ್ಬಿಣ ಬಡಿದು ಬೆಳವಣಿಗೆ ನಿಲ್ಲಿಸಿದರು. ಆಂಧ್ರದ ಯಾಗಂಟಿಯ ಬಸವಣ್ಣನ ಬಗ್ಗೆಯೂ ಬೆಳೆಯುವ ಮಾತೇ ಇದೆ.

ಕಲ್ಲು ಬೆಳೆಯುತ್ತದೆಯೇ? ಗಿಡ, ಪ್ರಾಣಿಗಳು ಹೊರಗಿನಿಂದ ಆಹಾರ ತೆಗೆದುಕೊಂಡು ಹೊಸ ಜೀವಕೋಶ ಕಟ್ಟುತ್ತವೆ, ಹಾಗಾಗಿ ಬೆಳೆಯುತ್ತವೆ. ಕಡಿದಿಟ್ಟ ಕಲ್ಲಿಗೆ ಅಂಥ ದಾರಿಯಿಲ್ಲ. ಆದರೆ ಕಲ್ಲಿನ ಅಳತೆ ಎಂದಿಗೂ ಬದಲಾಗುವುದಿಲ್ಲ ಎನ್ನುವಂತೆಯೂ ಇಲ್ಲ, ಬಿಸಿಲಿಗೆ ಅದು ಹಿಗ್ಗುತ್ತದೆ. ಗ್ರಾನೈಟಿನಂಥ ಕಲ್ಲು ಒಂದು ಡಿಗ್ರಿ ಬಿಸಿ ಏರಿದರೆ ಹತ್ತು ಲಕ್ಷದಲ್ಲಿ ಸುಮಾರು ಎಂಟು ಪಾಲು ಹಿಗ್ಗುತ್ತದೆ. 6 ಮೀಟರ್ ಉದ್ದದ ಬಸವಣ್ಣನನ್ನು 20 ಡಿಗ್ರಿ ಬಿಸಿ ಮಾಡಿದರೆ ಎಷ್ಟಾಯಿತು? ಹೆಚ್ಚುಕಡಿಮೆ ಒಂದು ಮಿಲಿಮೀಟರ್. ತಣ್ಣಗಾದರೆ ಅಷ್ಟೇ ಕುಗ್ಗುತ್ತಾನೆ. ಗುಡಿಯೊಳಗಿನ ನೆರಳಿನಲ್ಲಿರುವವನಿಗೆ ಅಷ್ಟು ಬಿಸಿಯೂ ತಾಗದು.

ಈ ಒಂದು ಮಿಲಿಮೀಟರಿನ ಆಟ ನೋಡಬೇಕಾದರೆ ಹೊರಗಿನ ಬಂಡೆಗೆ ಹೋಗಬೇಕು. ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುವುದು ಸಾವಿರಾರು ವರ್ಷ ನಡೆದರೆ, ಮೇಲಿನ ಭಾರ ಕಳೆದ ಬಂಡೆಯ ಮೈ ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಏಳುತ್ತದೆ. ಲಾಲ್‌ಬಾಗಿನ ದಿಬ್ಬ ಅಷ್ಟು ಗುಂಡಗೆ, ನುಣ್ಣಗೆ ಇರುವುದಕ್ಕೆ ಇದೂ ಒಂದು ಕಾರಣ. ಕಲ್ಲು ಬೆಳೆಯುವುದಿಲ್ಲ, ಸವೆಯುತ್ತದೆ.

ಕತೆಯಲ್ಲಿ ನಮಗೆ ಹೆಚ್ಚು ಇಷ್ಟವಾದದ್ದು ಕಡಲೆಕಾಯಿ. ಇವತ್ತಿಗೂ ಕಾರ್ತಿಕ ಮಾಸದ ಕೊನೆಯ ಸೋಮವಾರ ಅಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದೆ, ರಸ್ತೆಯುದ್ದಕ್ಕೂ ರಾಶಿ ರಾಶಿ ಕಾಯಿ. ಆದರೆ ಈ ಕಾಯಿಯ ತವರು ದಕ್ಷಿಣ ಅಮೆರಿಕ. 1492ರಲ್ಲಿ ಕೊಲಂಬಸ್ ಆ ಖಂಡಗಳ ಕಡೆಗೆ ಹಡಗು ಬಿಟ್ಟ ಮೇಲಷ್ಟೇ ಅದು ಹಡಗು ಹತ್ತಿ ಬೇರೆ ದೇಶಗಳಿಗೆ ಬಂದದ್ದು. ಕೆಂಪೇಗೌಡರು ಬೆಂಗಳೂರಿನ ಕೋಟೆ ಕಟ್ಟಿದರೆನ್ನುವ 1537ಕ್ಕೂ ಮೊದಲೇ ಬಸವನಗುಡಿಯ ಸುತ್ತ ಕಡಲೆಕಾಯಿ ಹೊಲಗಳು ಹಬ್ಬಿದ್ದವು ಎಂದರೆ ನಂಬುವುದು ಕಷ್ಟ. ಹೆಸರೇ ಸುಳಿವು ಕೊಡುತ್ತದೆ. ನೆಲಗಡಲೆ ಎಂದರೆ ನೆಲದೊಳಗೆ ಬಿಡುವ ಕಡಲೆ. ಮೊದಲೇ ಗೊತ್ತಿದ್ದ ಕಡಲೆಯ ಹೆಸರನ್ನು ಹೊಸ ಬೆಳೆಗೆ ದಾಟಿಸಿದ್ದಾರೆ. ಕತೆ ಗುಡಿಗಿಂತ ಚಿಕ್ಕವಯಸ್ಸಿನದು ಎಂದು ಇದರಿಂದ ತಿಳಿಯುತ್ತದೆ. ಹಾಗೆಂದು ಪರಿಷೆಗೆ ಹೋಗುವುದನ್ನು ಬಿಡಬೇಡಿ, ಹುರಿದ ಕಾಯಿಯ ರುಚಿಗೂ ಈ ತಕರಾರಿಗೂ ಸಂಬಂಧವಿಲ್ಲ.

ಸಂಕ್ರಾಂತಿಯ ಬೆಳಕು ನಿಜ, ಆದರೆ ವರ್ಷಕ್ಕೊಮ್ಮೆಯಲ್ಲ

ಗವಿಪುರದ ಗವಿಗಂಗಾಧರೇಶ್ವರ ನಮ್ಮ ಪಟ್ಟಿಯಲ್ಲಿ ಬೇರೆಯೇ ತೂಕದ್ದು, ಏಕೆಂದರೆ ಇಲ್ಲಿ ಹೇಳುವ ಪವಾಡವನ್ನು ಯಾರು ಬೇಕಾದರೂ ಕಣ್ಣಾರೆ ನೋಡಬಹುದು. ಮಕರ ಸಂಕ್ರಾಂತಿಯ ಸಂಜೆ ಐದು ಗಂಟೆ ದಾಟಿದ ಮೇಲೆ ಇಳಿಯುತ್ತಿರುವ ಸೂರ್ಯನ ಬೆಳಕು ನಂದಿಯ ಕೊಂಬುಗಳ ನಡುವೆ ಹಾದು ಗುಹೆಯೊಳಗಿನ ಲಿಂಗದ ಮೇಲೆ ಬೀಳುತ್ತದೆ. ಟಿವಿ ವಾಹಿನಿಗಳು ನೇರಪ್ರಸಾರ ಮಾಡುತ್ತವೆ. ವರ್ಷದಲ್ಲಿ ಅದೊಂದೇ ದಿನ, ಅದೂ ಕೆಲವೇ ನಿಮಿಷ ಎನ್ನುತ್ತಾರೆ.

ಲೆಕ್ಕ ಹಾಕೋಣ. ಸೂರ್ಯ ಮುಳುಗುವ ಜಾಗ ವರ್ಷವಿಡೀ ಸರಿಯುತ್ತಿರುತ್ತದೆ. ಜೂನ್ 21ರ ಸುಮಾರಿಗೆ ಅದು ಉತ್ತರದ ತುದಿಯಲ್ಲಿರುತ್ತದೆ, ಡಿಸೆಂಬರ್ 21ರ ಸುಮಾರಿಗೆ ದಕ್ಷಿಣದ ತುದಿಯಲ್ಲಿ. ಉಯ್ಯಾಲೆ ತುದಿ ಮುಟ್ಟಿ ಹಿಂದಿರುಗುವಾಗ ಅದೇ ಜಾಗಗಳನ್ನು ಇನ್ನೊಮ್ಮೆ ದಾಟುತ್ತದಲ್ಲ, ಹಾಗೆಯೇ ಸೂರ್ಯನೂ. ಜನವರಿ 14 ಎಂದರೆ ದಕ್ಷಿಣದ ತುದಿ ಮುಟ್ಟಿ 24 ದಿನಗಳ ನಂತರ. ಹಾಗಾದರೆ ತುದಿ ಮುಟ್ಟುವ 24 ದಿನ ಮೊದಲೂ ಸೂರ್ಯ ಅದೇ ದಾರಿಯಲ್ಲಿ ಇಳಿದಿರಬೇಕು. ಡಿಸೆಂಬರ್ 21ರಿಂದ ಹಿಂದಕ್ಕೆ ಎಣಿಸಿದರೆ ನವೆಂಬರ್ 27 ಬರುತ್ತದೆ. ಆ ಸಂಜೆಯೂ ಬೆಳಕು ಲಿಂಗವನ್ನು ಮುಟ್ಟುತ್ತದೆ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದಲ್ಲಿದ್ದ ಬಿ. ಎಸ್. ಶೈಲಜಾ ಮತ್ತು ಸಂಗಡಿಗರು ಈ ಗುಡಿಯನ್ನು ಅಧ್ಯಯನ ಮಾಡಿದ್ದಾರೆ. ನವೆಂಬರ್ ಕೊನೆ ಮತ್ತು ಜನವರಿ ಮಧ್ಯ, ಹೀಗೆ ಎರಡು ಬಾರಿ ಇದು ನಡೆಯುತ್ತದೆ ಎಂಬುದನ್ನು ಅವರು ತೋರಿಸಿದ್ದಾರೆ.

ಒಂದೇ ದಿನ ಎಂಬುದೂ ಹಾಗೆಯೇ. ಆ ದಿನಗಳಲ್ಲಿ ಸೂರ್ಯ ದಿನಕ್ಕೆ ತನ್ನ ಅಗಲದ ಮೂರನೆಯ ಒಂದು ಪಾಲಿನಷ್ಟು ಮಾತ್ರ ಸರಿಯುತ್ತಾನೆ. ಹಾಗಾಗಿ ಸಂಕ್ರಾಂತಿಯ ಹಿಂದೆ ಮುಂದೆ ಒಂದೆರಡು ದಿನ ಹೋದರೂ ಬೆಳಕು ಕಾಣಬಹುದು, ನೂಕುನುಗ್ಗಲೂ ಕಡಿಮೆ.

ಇನ್ನೂ ಸ್ವಾರಸ್ಯದ ಸಂಗತಿ ಸಂಕ್ರಾಂತಿಯೇ ಒಂದು ಕಡೆ ನಿಲ್ಲುವುದಿಲ್ಲ ಎಂಬುದು. ನಮ್ಮ ಪಂಚಾಂಗ ನಕ್ಷತ್ರಗಳನ್ನು ಹಿಡಿದು ವರ್ಷ ಎಣಿಸುತ್ತದೆ. ಗೋಡೆಯ ಕ್ಯಾಲೆಂಡರ್ ಋತುಗಳನ್ನು ಹಿಡಿದು ಎಣಿಸುತ್ತದೆ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ತೂಗುವುದರಿಂದ ಎರಡರ ನಡುವೆ ಸುಮಾರು 70 ವರ್ಷಕ್ಕೆ ಒಂದು ದಿನದ ಅಂತರ ಬೀಳುತ್ತದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12ರಂದು, ಅವತ್ತು ಮಕರ ಸಂಕ್ರಾಂತಿ. ಈಗ ಹಬ್ಬ 14 ಅಥವಾ 15ಕ್ಕೆ ಬರುತ್ತದೆ. ಇದೇ ಲೆಕ್ಕದಲ್ಲಿ ಕೆಂಪೇಗೌಡರ ಕಾಲದ ಸಂಕ್ರಾಂತಿ ಇಂದಿನ ಕ್ಯಾಲೆಂಡರಿನ ಜನವರಿ 7ರ ಆಸುಪಾಸು. ಅಂದು ಸೂರ್ಯ ಇಳಿಯುತ್ತಿದ್ದ ಜಾಗ ಇಂದಿಗಿಂತ ಎರಡು ಸೂರ್ಯನ ಅಗಲದಷ್ಟು ದಕ್ಷಿಣಕ್ಕಿತ್ತು. ಇನ್ನು ಐನೂರು ವರ್ಷ ಕಳೆದ ಮೇಲೆ ಹಬ್ಬ ಜನವರಿ 21ರ ಕಡೆಗೆ ಹೋಗಿರುತ್ತದೆ. ಗೋಡೆ, ಕಿಂಡಿಗಳು ಇದ್ದಂತೆಯೇ ಇದ್ದರೆ ಬೆಳಕು ಮಾತ್ರ ಜನವರಿ 14ಕ್ಕೇ ಬರುತ್ತದೆ, ಹಬ್ಬಕ್ಕಾಗಿ ಕಾಯುವುದಿಲ್ಲ.

1792ರಲ್ಲಿ ಇಲ್ಲಿಗೆ ಬಂದಿದ್ದ ಇಂಗ್ಲಿಷ್ ಚಿತ್ರಕಾರರಾದ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಈ ಗುಡಿಯನ್ನು ಚಿತ್ರಿಸಿದ್ದಾರೆ. ಆ ಚಿತ್ರಗಳೊಂದಿಗೆ ಹೋಲಿಸಿದರೆ ಈಗಿನ ಗೋಡೆ, ಕಟ್ಟಡಗಳಲ್ಲಿ ಕೆಲವು ಆಮೇಲೆ ಸೇರಿದವು ಎಂದು ಗೊತ್ತಾಗುತ್ತದೆ. ಅಂದರೆ ಬೆಳಕು ಬರುವ ದಾರಿ ಕಾಲಕಾಲಕ್ಕೆ ಬದಲಾಗಿದೆ.

ಇದೆಲ್ಲ ತಿಳಿದರೆ ಏನು ಲಾಭ? ಮೋಡ ಕವಿದು ಬೆಳಕು ಬೀಳದ ಸಂಕ್ರಾಂತಿಗಳಲ್ಲಿ 'ನಾಡಿಗೆ ಗಂಡಾಂತರ' ಎಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರುತ್ತದೆ. ಎಷ್ಟೋ ಮನೆಗಳಲ್ಲಿ ವಯಸ್ಸಾದವರು ನಿಜಕ್ಕೂ ಹೆದರುತ್ತಾರೆ. ಮರುದಿನ ಸಂಜೆ ಮೋಡ ಸರಿದರೆ ಬೆಳಕು ಮತ್ತೆ ಬರುತ್ತದೆ ಎಂದು ಗೊತ್ತಿದ್ದರೆ ಆ ಹೆದರಿಕೆ ಅಲ್ಲೇ ಕರಗುತ್ತದೆ. ಎರಡನೆಯದು ಇನ್ನೂ ಮುಖ್ಯ. ಸೂರ್ಯ ದಿಗಂತದ ಹತ್ತಿರ ಇರುವಾಗ ನೈಋತ್ಯದ ಕಡೆಯಿಂದ ಬರುವ ಬೆಳಕು ಇದು. ಆ ದಿಕ್ಕಿನಲ್ಲಿ ಎತ್ತರದ ಒಂದು ಅಪಾರ್ಟ್‌ಮೆಂಟ್ ಎದ್ದರೂ ಸಾಕು, ಶತಮಾನಗಳಿಂದ ಬರುತ್ತಿದ್ದ ಬೆಳಕು ನಿಂತುಹೋಗಬಹುದು. ದೇವರೇ ತರುವ ಬೆಳಕು ಎಂದು ಸುಮ್ಮನಿದ್ದರೆ ಆ ದಿಕ್ಕಿನ ಆಕಾಶವನ್ನು ಖಾಲಿ ಇಡಬೇಕೆಂದು ಕೇಳುವವರು ಯಾರು?

ಕಾಶಿಗೆ ಸುರಂಗ

ಇದೇ ಗುಹೆಯಿಂದ ಕಾಶಿಗೆ ಸುರಂಗವಿದೆ ಎನ್ನುತ್ತಾರೆ, ಕೆಲವರು ಶಿವಗಂಗೆಗೆ ಎನ್ನುತ್ತಾರೆ. ಟಿಪ್ಪು ಅರಮನೆಯಲ್ಲಿ ಕೇಳಿದರೆ ಶ್ರೀರಂಗಪಟ್ಟಣಕ್ಕೆ ಇರುತ್ತದೆ. ಕರ್ನಾಟಕದ ಯಾವ ಕೋಟೆಗೆ ಹೋದರೂ ಒಂದು ಮುಚ್ಚಿದ ಬಾಗಿಲು ತೋರಿಸಿ ಸುರಂಗದ ಮಾತು ಹೇಳದೆ ಬಿಡುವುದಿಲ್ಲ.

ಪ್ರಪಂಚದ ಅತಿ ಉದ್ದದ ರೈಲು ಸುರಂಗ ಸ್ವಿಟ್ಜರ್ಲೆಂಡಿನ ಗೊಥಾರ್ಡ್, 57 ಕಿಲೋಮೀಟರ್. ದೈತ್ಯ ಯಂತ್ರಗಳಿಂದ ಕೊರೆದು, 2016ರಲ್ಲಿ ತೆರೆಯುವ ಹೊತ್ತಿಗೆ ಹದಿನೇಳು ವರ್ಷ ಹಿಡಿದಿತ್ತು. ಶ್ರೀರಂಗಪಟ್ಟಣ ಅದರ ಎರಡರಷ್ಟು ದೂರ. ಕಾಶಿಗೆ ನೇರ ಗೆರೆ ಎಳೆದರೂ 1,400 ಕಿಲೋಮೀಟರ್ ದಾಟುತ್ತದೆ. ಗಾಳಿ ಎಲ್ಲಿಂದ ಬರಬೇಕು, ಒಸರುವ ಅಂತರ್ಜಲ ಎಲ್ಲಿಗೆ ಹೋಗಬೇಕು, ಅಗೆದ ಕಲ್ಲನ್ನು ಎಲ್ಲಿ ಸುರಿದರು ಎಂದು ಕೇಳಿದರೆ ಕತೆ ಅಲ್ಲಿಗೆ ನಿಲ್ಲುತ್ತದೆ.

ಪ್ರಕೃತಿಯೇ ಮಾಡಿದ ಉದ್ದನೆಯ ಗುಹೆ ಆಗಿರಬಾರದೇ? ಉದ್ದದ ಗುಹೆಗಳು ಸಾಮಾನ್ಯವಾಗಿ ಸುಣ್ಣದ ಕಲ್ಲಿನಲ್ಲಿ ಆಗುತ್ತವೆ, ಏಕೆಂದರೆ ಮಳೆನೀರು ಆ ಕಲ್ಲನ್ನು ಕರಗಿಸುತ್ತದೆ. ಆಂಧ್ರದ ಬೇಲಂ ಗುಹೆ ಹಾಗೆ ಆದದ್ದು, ಅದೂ ಮೂರು ಕಿಲೋಮೀಟರಿನಷ್ಟು. ಬೆಂಗಳೂರಿನ ನೈಸ್ ನೀರಿಗೆ ಹಾಗೆ ಕರಗುವ ಕಲ್ಲಲ್ಲ. ಇಲ್ಲಿನ ಗುಹೆಗಳು ಬಿರುಕುಗಳು, ಬಂಡೆಗಳ ಸಂದುಗಳು. ಸ್ವಲ್ಪ ದೂರ ಬಗ್ಗಿಕೊಂಡು ಹೋಗಬಹುದು, ಆಮೇಲೆ ಕತ್ತಲೆ. ಕತ್ತಲೆಯ ಆಚೆಗೆ ಕಾಶಿ ಇದೆ ಎನ್ನುವುದು ಭಕ್ತಿಯ ಭೂಗೋಳ.

ಇಷ್ಟು ಹೊತ್ತು ಹಳೆಯ ಸುರಂಗದ ಮಾತಾಯಿತು. ಹೊಸದೊಂದಿದೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ನೆಲದಡಿಯಲ್ಲಿ ರಸ್ತೆ ಮಾಡುವ ಯೋಜನೆಯ ಸಂಬಂಧ ಲಾಲ್‌ಬಾಗಿನ ಜಾಗ ಬಳಸುವ ಮಾತು ಬಂದಾಗ 2025ರಲ್ಲಿ ದೊಡ್ಡ ವಿರೋಧ ಎದ್ದಿತು. ಮರಗಳು ಹೋಗುತ್ತವೆ ಎಂದು ಬಂದವರು ಹಲವರು, 300 ಕೋಟಿ ವರ್ಷದ ಬಂಡೆಯ ಗತಿ ಏನು ಎಂದು ಕೇಳಿದವರೂ ಇದ್ದರು. ಆ ಪ್ರಶ್ನೆ ಕೇಳಲು ಬಂಡೆ ಏನು ಎಂದು ಮೊದಲೇ ಗೊತ್ತಿರಬೇಕು.

ಬೆಂದ ಕಾಳಿನ ಊರು?

ಬಸ್ಸಿನಲ್ಲಿ ಮೈಕ್ ಹಿಡಿದವರು ಹೇಳುವ ಮೊದಲ ಕತೆಯನ್ನು ನಾವು ಕೊನೆಗೆ ಇಟ್ಟುಕೊಂಡೆವು. ದಾರಿ ತಪ್ಪಿ ಬಂದ ಹೊಯ್ಸಳ ರಾಜ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು, ಅದೇ ಬೆಂಗಳೂರು. ಎರಡನೆಯ ವೀರಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಆದರೆ ಬೇಗೂರಿನ ನಾಗನಾಥೇಶ್ವರ ದೇವಸ್ಥಾನದ ಆವರಣದಲ್ಲಿರುವ, ಕ್ರಿ.ಶ. 890ರ ಸುಮಾರಿನ ವೀರಗಲ್ಲೊಂದರಲ್ಲಿ ಬೆಂಗಳೂರಿನ ಕಾಳಗದ ಪ್ರಸ್ತಾಪವಿದೆ. ಆ ಕಾಳಗದಲ್ಲಿ ಮಡಿದ ವೀರನ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ರಾಜ ಹುಟ್ಟುವುದಕ್ಕೂ ಎರಡೂವರೆ ಶತಮಾನಕ್ಕಿಂತ ಹೆಚ್ಚು ಕಾಲ ಮೊದಲೇ ಊರಿಗೆ ಆ ಹೆಸರಿತ್ತು ಎಂದಮೇಲೆ ಅಜ್ಜಿಯ ಕಾಳಿಗೆ ಜಾಗವಿಲ್ಲ.

ಬೆಂಗಳೂರು ಅರಮನೆ ಇಂಗ್ಲೆಂಡಿನ ವಿಂಡ್ಸರ್ ಕೋಟೆಯ ನಕಲು ಎಂದು ನೂರು ಜನ ಹೇಳುತ್ತಾರೆ. ವಿಂಡ್ಸರ್ ಹನ್ನೊಂದನೆಯ ಶತಮಾನದಲ್ಲಿ ಶುರುವಾದ ಕೋಟೆ, ನಮ್ಮದು ಮೈಸೂರು ಅರಸರಿಗಾಗಿ 1873ರಲ್ಲಿ ಕೊಂಡುಕೊಂಡ ಮನೆ, ಹೋಲಿಕೆ ಗೋಪುರಗಳಲ್ಲಿ ಮಾತ್ರ. ಅಲ್ಲಿ ಟಿಕೆಟ್ಟಿನ ಸಾಲು ಉದ್ದ. ಬೇಗೂರಿನ ಕಲ್ಲಿನ ಮುಂದೆ ಸಾಲಿಲ್ಲ. ಹೆಬ್ಬಾಳದಲ್ಲಿ ಸಿಕ್ಕ ಕಿತ್ತಯ್ಯನ ಶಾಸನ ಇನ್ನೂ ಹಳೆಯದು, ಸುಮಾರು 750ರದ್ದು. ಅದು ಉಳಿದದ್ದು ಊರಿನ ಕೆಲವರು ಅದರ ಬೆಲೆ ಅರಿತು ಕಾಪಾಡಲು ನಿಂತದ್ದರಿಂದ. ಬೆಂಗಳೂರಿನ ಸುತ್ತ ಬಟ್ಟೆ ಒಗೆಯುವ ಕಲ್ಲಾಗಿಯೋ, ಸೈಟಿನ ಮೂಲೆಯ ಮಣ್ಣಿನಡಿಯೋ ಕಳೆದುಹೋದ ಶಾಸನಗಳಿಗೆ ಆ ಅದೃಷ್ಟ ಸಿಗಲಿಲ್ಲ.

ಹೋಗುವುದಾದರೆ ಹೀಗೆ ಮಾಡಿ. ಹಸಿರು ಮಾರ್ಗದ ಮೆಟ್ರೋದಲ್ಲಿ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದು, ಬಿಸಿಲೇರುವ ಮೊದಲೇ ಬಂಡೆ ನೋಡಿ. ಅಲ್ಲಿಂದ ಮುಂದಿನ ನಿಲ್ದಾಣ ನ್ಯಾಷನಲ್ ಕಾಲೇಜ್, ಬಸವನಗುಡಿ ಅಲ್ಲಿಂದ ನಡೆದು ಹೋಗುವಷ್ಟೇ ದೂರ. ಮಧ್ಯಾಹ್ನದ ಊಟ ಬಸವನಗುಡಿಯಲ್ಲಿ ಮುಗಿಸಿ, ಬ್ಯೂಗಲ್ ರಾಕಿನ ನೆರಳಿನಲ್ಲಿ ಕೂತೆದ್ದು, ನಾಲ್ಕೂವರೆಗೆ ಗವಿಪುರ ಸೇರಿ. ದಿನ ನಿಮ್ಮ ಕೈಯಲ್ಲಿದ್ದರೆ ನವೆಂಬರ್ 27ನ್ನೇ ಆರಿಸಿಕೊಳ್ಳಿ. ಸಂಕ್ರಾಂತಿಯ ಜನಸಾಗರ ಅಂದು ಇರುವುದಿಲ್ಲ, ಕ್ಯಾಮೆರಾಗಳೂ ಇರುವುದಿಲ್ಲ. ಮೋಡವಿದ್ದರೆ ಮರುದಿನ ಮತ್ತೆ ಹೋಗಿ.